ಅವನು ಬದುಕಿದ್ದಾಗ ಹಾಡಿದ್ದು

ಪ್ರೀತಿಯ ತಮ್ಮಾ,

ಅಮೆರಿಕದ ರ್‍ಯಾಪರ್ ಮ್ಯಾಕ್ ಮಿಲ್ಲರ್ ತೀರಿಕೊಂಡ ಮೇಲೆ ಬಂದ ಅವನ 'ಸರ್ಕಲ್ಸ್' ಆಲ್ಬಂ ಬಗ್ಗೆ ನೀನು ಬರೆದು ಕಳಿಸಿದ್ದನ್ನು ಎರಡು ಸಲ ಓದಿದೆ. ಮೊದಲ ಸಲ ಕಣ್ಣು ಒದ್ದೆಯಾಯಿತು. ಎರಡನೇ ಸಲ ಬೇಜಾರಾಯಿತು. ಯಾಕೆ ಅಂತ ಹೇಳುತ್ತೇನೆ, ತಪ್ಪು ತಿಳಿಯಬೇಡ.

ನಿನ್ನ ಲೇಖನದಲ್ಲಿ ಆ ಪಿಟ್ಸ್‌ಬರ್ಗ್ ಹುಡುಗ ಶುರುವಿನಿಂದ ಕೊನೆಯವರೆಗೂ ಸಾಯುತ್ತಲೇ ಇದ್ದಾನೆ. ಸಾಲು ಸಾಲಿಗೂ 'ತನ್ನ ಸಾವು ಅವನಿಗೆ ಮೊದಲೇ ಗೊತ್ತಿತ್ತೇನೋ' ಅಂತ ಬರೆದಿದ್ದೀಯ. ಗೊತ್ತಿರಲಿಲ್ಲ ಕಣೋ. 2018ರ ಆಗಸ್ಟ್ 3ಕ್ಕೆ ಅವನ 'ಸ್ವಿಮ್ಮಿಂಗ್' ಆಲ್ಬಂ ಬಂತು. ಅದಕ್ಕೆ ಜೋಡಿಯಾಗಿ 'ಸರ್ಕಲ್ಸ್' ಮಾಡುತ್ತಿದ್ದ, ಎರಡೂ ಹೆಸರು ಸೇರಿದರೆ 'ಸ್ವಿಮ್ಮಿಂಗ್ ಇನ್ ಸರ್ಕಲ್ಸ್' ಆಗಬೇಕು ಅನ್ನುವುದು ಅವನ ಲೆಕ್ಕ. ಅಕ್ಟೋಬರ್ ಕೊನೆಯಿಂದ ಟೂರ್ ಇತ್ತು. ಸೆಪ್ಟೆಂಬರ್ 7ಕ್ಕೆ ತೀರಿಕೊಂಡ. 26 ವರ್ಷ. ಫೆಂಟನಿಲ್ ಅನ್ನುವ ತೀವ್ರ ನೋವುನಿವಾರಕ, ಕೊಕೇನ್, ಮದ್ಯ ಮೂರೂ ಸೇರಿ ಆದ ಆಕಸ್ಮಿಕ ಸಾವು ಅಂತ ಶವಪರೀಕ್ಷೆಯ ವರದಿ ಹೇಳಿತು. ಟೂರ್‌ಗೆ ಹೊರಡಲು ತಯಾರಾಗುತ್ತಿದ್ದವನು ಅವನು. ಮುಂದಿನ ಕೆಲಸ ಕೈಯಲ್ಲಿ ಹಿಡಿದುಕೊಂಡಿದ್ದವನನ್ನು ನೀನು ಭವಿಷ್ಯ ಹೇಳುವವನನ್ನಾಗಿ ಮಾಡಿಬಿಟ್ಟಿದ್ದೀಯ.

ಈಗ ನಿನ್ನ ಮೂರನೇ ಪ್ಯಾರಾ ತೆಗೆದುಕೋ. 'ಎವ್ರಿಬಡಿ' ಹಾಡಿನಲ್ಲಿ ಎಲ್ಲರೂ ಬದುಕಬೇಕು, ಎಲ್ಲರೂ ಸಾಯಬೇಕು ಅನ್ನುವ ಮಾತು ಬರುತ್ತದೆ. ಅದೇ ಅವನ ಕೊನೆಯ ಸಂದೇಶ ಅಂತ ನೀನು ಬರೆದೆ. ಆದರೆ ಆ ಮಾತು ಅವನದಲ್ಲ. ಅದು ಅಮೆರಿಕದ ಹಾಡುಗಾರ ಆರ್ಥರ್ ಲೀ ಬರೆದ ಹಾಡು, 1972ರಷ್ಟು ಹಳೆಯದು. ಬರೆದ ಮೇಲೆ ಆರ್ಥರ್ ಲೀ ಇನ್ನೂ 34 ವರ್ಷ ಬದುಕಿದ, 2006ರಲ್ಲಿ ಹೋದ. ಒಂದೇ ಸಾಲು, ಬರೆದವನಿಗೆ ಭವಿಷ್ಯವಾಗಲಿಲ್ಲ, ಹಾಡಿದವನಿಗೆ ಮಾತ್ರ ಭವಿಷ್ಯವಾಯಿತು ಅಂದರೆ ಒಪ್ಪುವುದು ಹೇಗೆ? ನಿನ್ನ ದುಃಖ ನಿಜ. ಅದನ್ನು ಅವನ ಬಾಯಲ್ಲಿ ಇಡಬೇಡ, ಅಷ್ಟೇ. ಅವನು ಯಾಕೆ ಆ ಹಳೇ ಹಾಡನ್ನು ಆರಿಸಿಕೊಂಡ, ಅವನ ಗಂಟಲಲ್ಲಿ ಅದು ಹೇಗೆ ಕೇಳುತ್ತದೆ ಅಂತ ಬರೆದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು!

ಇನ್ನೊಂದು ದೊಡ್ಡ ವಿಷಯ ನಿನ್ನ ಬರಹದಲ್ಲಿ ಇಲ್ಲವೇ ಇಲ್ಲ. ಜಾನ್ ಬ್ರಯನ್. ಸಿನಿಮಾಗಳಿಗೆ ಸಂಗೀತ ಕೊಡುವವರು, 2005ರಲ್ಲಿ ಕಾನ್ಯೆ ವೆಸ್ಟ್‌ನ 'ಲೇಟ್ ರಿಜಿಸ್ಟ್ರೇಶನ್' ಆಲ್ಬಂನಲ್ಲೂ ಕೈಜೋಡಿಸಿದವರು. ಮ್ಯಾಕ್ ಅವರ ಜೊತೆಗೇ ಕೂತು ಈ ಹಾಡುಗಳನ್ನು ಮಾಡುತ್ತಿದ್ದ. ಹುಡುಗ ಹೋದ ಮೇಲೆ, ಅವನ ಜೊತೆ ಆಡಿದ ಮಾತುಗಳನ್ನು ನೆನಪಿಟ್ಟುಕೊಂಡು ಉಳಿದದ್ದನ್ನು ಪೂರ್ತಿ ಮಾಡಿದರು. 2020ರ ಜನವರಿ 17ಕ್ಕೆ ಆಲ್ಬಂ ಬಂತು, ಅವನಿಗೆ 28 ತುಂಬಬೇಕಿದ್ದ ದಿನಕ್ಕೆ ಎರಡು ದಿನ ಮೊದಲು. ಅವನ ಮನೆಯವರು ಅದಕ್ಕೂ ಮುಂಚೆ ಒಂದು ಪತ್ರ ಹಾಕಿದ್ದರು. ಇದಕ್ಕೆ ಸರಿಯುತ್ತರ ಅಂತ ಒಂದಿಲ್ಲ, ಸ್ಪಷ್ಟವಾದ ದಾರಿಯೂ ಇಲ್ಲ, ಆದರೆ ಜನ ಇದನ್ನು ಕೇಳಬೇಕು ಅನ್ನುವುದು ಅವನಿಗೆ ಮುಖ್ಯವಾಗಿತ್ತು ಅನ್ನುವ ಅರ್ಥದ ಮಾತು ಅದರಲ್ಲಿತ್ತು.

ಅದನ್ನು ಓದಿದಾಗ ನನಗೆ ಬಾಣಭಟ್ಟನ ಮಗ ನೆನಪಾದ. ನಾಗವರ್ಮ ಕನ್ನಡಕ್ಕೆ ತಂದನಲ್ಲ, ಆ 'ಕಾದಂಬರಿ'. ಬಾಣ ಅರ್ಧಕ್ಕೆ ಬಿಟ್ಟು ತೀರಿಕೊಂಡ, ಮಗ ಮುಗಿಸಿದ. ತನ್ನ ಭಾಗದ ಶುರುವಿನಲ್ಲೇ ಆ ಮಗ ಹೇಳಿಕೊಳ್ಳುತ್ತಾನೆ: ಕಥೆ ಮುಗಿಯಲಿಲ್ಲವಲ್ಲ ಅಂತ ಸಜ್ಜನರು ಪಡುವ ದುಃಖ ನೋಡಿ ಕೈ ಹಾಕಿದೆ, ನಾನೂ ಕವಿ ಅನ್ನುವ ಜಂಬದಿಂದ ಅಲ್ಲ. ಪೂರ್ವಭಾಗ ಅಪ್ಪನದು, ಉತ್ತರಭಾಗ ಮಗನದು, ಇವತ್ತಿಗೂ ಓದುವವರಿಗೆ ಅದು ಗೊತ್ತು. ಹೊಲಿಗೆ ಕಾಣುತ್ತದೆ. ಕಂಡರೆ ತಪ್ಪೇನಿಲ್ಲ.

ಕಾಣದಂತೆ ಮಾಡಿದ ತಪ್ಪು ನನ್ನದೇ ಒಂದಿದೆ. ಗೆಳೆಯನೊಬ್ಬ ಹೋದಾಗ ಅವನ ಪದ್ಯದ ನೋಟ್‌ಬುಕ್ ನನ್ನ ಕೈಗೆ ಬಂತು. ಅರ್ಧ ನಿಂತ ಸಾಲುಗಳನ್ನು ನಾನೇ ತುಂಬಿ ಅಚ್ಚಿಗೆ ಕೊಟ್ಟೆ, ಎಲ್ಲೂ ಹೇಳಲಿಲ್ಲ. ಅವನ ತಂಗಿ ಪುಸ್ತಕ ತೆರೆದು ಒಂದು ಸಾಲಿನ ಮೇಲೆ ಬೆರಳಿಟ್ಟು, 'ಇದು ಅಣ್ಣಂದಲ್ಲ ಅಲ್ವಾ?' ಅಂದಳು. ಅಲ್ಲ ಅಂದೆ. ಆಮೇಲೆ ಅವಳು ಉಳಿದ ಸಾಲುಗಳನ್ನೂ ಅನುಮಾನದಿಂದ ನೋಡತೊಡಗಿದಳು, ಅವನೇ ಬರೆದವನ್ನೂ. ಆ ಪುಸ್ತಕವನ್ನು ನಾನು ಮತ್ತೆ ತೆಗೆದಿಲ್ಲ.

ಅದಕ್ಕೇ ಹೇಳುವುದು, ಇಂಥ ಆಲ್ಬಂ ಬಗ್ಗೆ ಬರೆಯುವಾಗ ಯಾವುದು ಯಾರ ಕೈಯದು ಅಂತ ಮೊದಲು ಕೇಳು. ಎಲ್ಲವೂ ಒಂದೇ ಥರ ಅಲ್ಲ. ಬಿಗ್ಗಿ ಅಂತ ಕರೆಯುತ್ತಿದ್ದ ರ್‍ಯಾಪರ್ ನಟೋರಿಯಸ್ ಬಿ.ಐ.ಜಿ. 1997ರ ಮಾರ್ಚ್ 9ಕ್ಕೆ ಗುಂಡೇಟಿಗೆ ಬಲಿಯಾದ, ಅವನ 'ಲೈಫ್ ಆಫ್ಟರ್ ಡೆತ್' ಆಲ್ಬಂ ಬಂದದ್ದು 16 ದಿನಕ್ಕೆ. ಅದು ಅವನೇ ಮಾಡಿ ಮುಗಿಸಿದ ಕೆಲಸ, ಹೆಸರೂ ಮೊದಲೇ ಇಟ್ಟದ್ದು. ಅದೇ ಮನುಷ್ಯನ ಹೆಸರಿನಲ್ಲಿ 2005ರಲ್ಲಿ ಬಂದ 'ಡ್ಯುಯೆಟ್ಸ್' ಹಳೇ ವರ್ಸ್‌ಗಳಿಗೆ ಹೊಸ ಬೀಟ್ ಹಾಕಿ, ಬೇರೆ ಬೇರೆಯವರ ದನಿ ಸೇರಿಸಿ ಜೋಡಿಸಿದ್ದು. ಎರಡನ್ನೂ ಒಂದೇ ಕಣ್ಣಲ್ಲಿ ನೋಡಿದರೆ ಬಿಗ್ಗಿಗೇ ಅನ್ಯಾಯ. ಹಿಪ್‌ಹಾಪ್ ಸಂಗೀತಗಾರ ಜೆ ಡಿಲ್ಲಾ ಹೋದ ಮೇಲೆ ಅವನ 'ದಿ ಶೈನಿಂಗ್' ಆಲ್ಬಂ ಮುಗಿಸಿದ್ದು ಅವನ ಗೆಳೆಯ, ಡ್ರಮ್ಮರ್ ಕರೀಮ್ ರಿಗ್ಗಿನ್ಸ್. ಅದು ನನಗೆ 'ಸರ್ಕಲ್ಸ್' ಪಕ್ಕದಲ್ಲೇ ಕೂರುತ್ತದೆ.

ಸತ್ತ ಮೇಲೆ ಆಲ್ಬಂ ಬಿಡುವುದೇ ಬೇಡ ಅನ್ನುವವರ ಮಾತೂ ನಿನ್ನ ಲೇಖನದಲ್ಲಿ ಬರಲಿ. ಮ್ಯಾಕ್ ಜೊತೆ 2016ರಲ್ಲಿ 'ಡ್ಯಾಂಗ್' ಹಾಡಿದ ಆಂಡರ್ಸನ್ ಪಾಕ್, ತಾನು ಸತ್ತ ಮೇಲೆ ತನ್ನ ಹೆಸರಲ್ಲಿ ಆಲ್ಬಂ, ಹಾಡು ಏನೂ ಬಿಡಬೇಡಿ, ಅವೆಲ್ಲ ಬರೀ ಡೆಮೊ, ಜನ ಕೇಳಲಿ ಅಂತ ಮಾಡಿದ್ದಲ್ಲ ಅಂತ 2021ರಲ್ಲಿ ತೋಳಿನ ಮೇಲೆ ಹಚ್ಚೆ ಹಾಕಿಸಿಕೊಂಡ. ಕಾಗದದಲ್ಲಿ ಬರೆದಿಟ್ಟರೆ ಸಾಲದು ಅನ್ನಿಸಿತೇನೋ. ನನಗೆ 'ಸರ್ಕಲ್ಸ್' ಬಂದದ್ದು ಸರಿ ಅನ್ನಿಸುತ್ತದೆ, ಪಾಕ್‌ನ ಭಯವೂ ಸರಿ ಅನ್ನಿಸುತ್ತದೆ. ನಿನಗೆ ಏನನ್ನಿಸುತ್ತದೆ ಅಂತ ನೀನು ಹೇಳಲೇ ಇಲ್ಲ.

ಇನ್ನು 2025ರಲ್ಲಿ ಬಂದ ಮ್ಯಾಕ್‌ನ 'ಬಲೂನರಿಸಂ' ಆಲ್ಬಂ ಬಗ್ಗೆಯೂ ಬರೆಯುತ್ತೇನೆ ಅಂದಿದ್ದೀಯಲ್ಲ, ಅಲ್ಲಿ ಇನ್ನೂ ಹುಷಾರಾಗಿರು. ಅದರ ಬಹುಪಾಲು 2014ರ ಸುಮಾರಿನದು. ಹಾಡುತ್ತಿರುವವನಿಗೆ ಆಗ 22 ವರ್ಷ, ಮುಂದೆ ಇನ್ನೂ ನಾಲ್ಕು ವರ್ಷ ಇವೆ, ಎಷ್ಟೋ ಹಾಡುಗಳಿವೆ.

ಸದ್ಯಕ್ಕೆ 'ಸರ್ಕಲ್ಸ್' ಮುಗಿಸು. ರ್‍ಯಾಪರ್ ಅಂತ ಹೆಸರಾದವನು ಇದರಲ್ಲಿ ಜಾಸ್ತಿ ಹಾಡಿದ್ದಾನೆ, ರ್‍ಯಾಪ್ ಕಡಿಮೆ. ಅದರ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ ನೋಡು! 'ಗುಡ್ ನ್ಯೂಸ್' ಹಾಕಿಕೊಂಡು ಒಬ್ಬನೇ ಕೂರು. ಸುಸ್ತಾದ ದನಿ, ಹಿಂದೆ ತಂತಿಗಳ ಸಣ್ಣ ಟಿಕ್ ಟಿಕ್, ಎಲ್ಲರಿಗೂ ಒಳ್ಳೇ ಸುದ್ದಿಯೇ ಬೇಕು ಅನ್ನುವ ಬೇಸರ. ಆಮೇಲೆ ಕೊನೆಯ 'ವನ್ಸ್ ಎ ಡೇ' ಕೇಳು, ಅಲ್ಲಿ ವಾದ್ಯಗಳು ಅಷ್ಟಿಲ್ಲ, ದನಿ ಹತ್ತಿರ ಬರುತ್ತದೆ. ಏನು ಕೇಳಿಸಿತು ಅಂತ ಬರೆದು ಕಳಿಸು. ಭಾನುವಾರದವರೆಗೆ ಕಾಯುತ್ತೇನೆ.

ನಿನ್ನ ಅಕ್ಕ