ಕರಿಯನ ಡಾಕ್ಟರ್ ಮೇಡಂಗೆ, ಅಲ್ಲಿರೋ ಅಣ್ಣಂಗೆ ದೊಡ್ಡ ಥ್ಯಾಂಕ್ಸ್

ನಮ್ಮ ನಾಯಿ ಕರಿಯ ಹುಷಾರಾಗಿದಾನೆ. ಟಿಕ್ ಫೀವರ್ (ಉಣ್ಣಿ ಕಚ್ಚಿ ಬರೋ ಜ್ವರ) ಮಾತ್ರೆ ಕೋರ್ಸ್ ಮುಗೀತು, ಆಮೇಲೆ ಮಾಡ್ಸಿದ ಬ್ಲಡ್ ಟೆಸ್ಟಲ್ಲಿ ರಕ್ತ ಹೆಪ್ಪುಗಟ್ಟಿಸೋ ಪ್ಲೇಟ್‌ಲೆಟ್ 2 ಲಕ್ಷ ದಾಟಿದೆ, ಫೋನ್ ಮಾಡಿ ವಿಚಾರಿಸಿದವರೆಲ್ಲ ಇದನ್ನೇ ಉತ್ತರ ಅಂದ್ಕೊಳ್ಳಿ. ಈಗ ಬರೀತಿರೋದು ಮಾತ್ರ ನಮ್ಮ ಡಾಕ್ಟರ್ ಮೇಡಂಗೆ, ಮತ್ತೆ ಕ್ಲಿನಿಕ್ಕಲ್ಲಿ ಅವನನ್ನ ಹಿಡ್ಕೊಂಡು ಕೂರ್ತಿದ್ದ ಅಣ್ಣಂಗೆ. ಎದುರಿಗೆ ಹೇಳೋಕೆ ಹೋದ್ರೆ ಮೇಡಂ "ಆಯ್ತು ಆಯ್ತು, ಮುಂದಿನವರನ್ನ ಕಳ್ಸಿ" ಅಂತಾರೆ.

ಮೂಗಿಂದ ರಕ್ತ ಬರ್ತಿದ್ದ ನಾಯಿನ ಎತ್ಕೊಂಡು ಓಡಿದಾಗ ನಮಗೆ ಕೈಕಾಲೇ ಆಡ್ತಿರ್ಲಿಲ್ಲ. ಮೇಡಂ ಮೊದ್ಲು ಕೇಳಿದ್ದು, ಜ್ವರಕ್ಕೆ ಅಂತ ನೀವು ನುಂಗೋ ಮಾತ್ರೆ ಏನಾದ್ರೂ ಇವನಿಗೆ ಹಾಕಿದೀರಾ ಅಂತ. ಹಾಕಿರ್ಲಿಲ್ಲ. ಆದ್ರೆ ಕೇಳಿದ ರೀತಿ ಇದೆಯಲ್ಲ, ಕಟಕಟೆ ಹತ್ಸಿ ಕೇಳ್ದಂಗಿರ್ಲಿಲ್ಲ, ಹಾಕಿದ್ರೂ ಹೇಳ್ಬಿಡ್ತಿದ್ವಿ. ಐಬುಪ್ರೊಫೇನ್ ಥರದ ನೋವಿನ ಮಾತ್ರೆ ನಾಯಿ ಹೊಟ್ಟೇಲಿ ಹುಣ್ಣು ಮಾಡುತ್ತೆ, ಕಿಡ್ನಿಗೂ ಕುತ್ತು, ಪ್ಲೇಟ್‌ಲೆಟ್ ಬಿದ್ದಿರೋವಾಗ ಒಳಗೆ ರಕ್ತ ಸೋರೋಕೆ ಶುರುವಾದ್ರೆ ನಿಲ್ಸೋದು ಕಷ್ಟ, ಅದಕ್ಕೇ ಎಲ್ಲರನ್ನೂ ಕೇಳ್ತೀನಿ ಅಂದ್ರು. ಬೈತಾರೆ ಅಂತ ಹೆದರಿ ಮುಚ್ಚಿಡೋರು ಎಷ್ಟು ಜನ ಇದಾರೋ ದೇವ್ರಿಗೇ ಗೊತ್ತು.

ಆಮೇಲೆ ಟಿಕ್ ಫೀವರ್‌ಗೆ ಕ್ಲಿನಿಕ್ಕಲ್ಲೇ ಮಾಡಿದ ಕಿಟ್ ಟೆಸ್ಟ್ ನೆಗೆಟಿವ್ ಬಂತು. ಮನೇಲಿ ಗಲಾಟೆ, ರೋಗ ಇಲ್ಲ ಅಂದ್ಮೇಲೆ ಇನ್ನೊಂದು ಟೆಸ್ಟ್ ಯಾಕೆ, ಸುಮ್ನೆ ಬಿಲ್ ಬೆಳೆಸ್ತಾರೆ ಅಂತ. ಮೇಡಂ ಇದಕ್ಕೆ ಬೇಜಾರೇ ಮಾಡ್ಕೊಳ್ಳಿಲ್ಲ, ಒಂದು ಚೀಟಿ ಹಿಂದೆ ಚಿತ್ರ ಬರೆದು ತೋರ್ಸಿದ್ರು: ಈ ಕಿಟ್ ಹುಡುಕೋದು ರೋಗಾಣು ವಿರುದ್ಧ ಮೈ ತಯಾರಿಸೋ ಆಂಟಿಬಾಡಿನ, ಎರ್ಲಿಕಿಯಾ (ಟಿಕ್ ಫೀವರ್ ತರೋ ರೋಗಾಣು) ಸೋಂಕು ಹೊಸದಾಗಿದ್ರೆ ಆಂಟಿಬಾಡಿ ಇನ್ನೂ ಸಾಕಷ್ಟು ಆಗಿರಲ್ಲ, ಹಾಗಾಗಿ ನೆಗೆಟಿವ್ ಬಂತು ಅಂತ ರೋಗ ಇಲ್ಲ ಅಂತಲ್ಲ, ಪಿಸಿಆರ್‌ಗೆ ಕಳ್ಸೋಣ, ಅದು ರೋಗಾಣುನೇ ಹುಡುಕೋ ಟೆಸ್ಟ್, ಆದ್ರೆ ರಿಪೋರ್ಟ್ ಬರೋವರೆಗೂ ಕಾಯೋದು ಬೇಡ, ಡಾಕ್ಸಿಸೈಕ್ಲಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಇವತ್ತೇ ಶುರು ಮಾಡೋಣ. ಜೊತೆಗೆ, ನನಗೂ ಇದೇ ಅಂತ ನೂರಕ್ಕೆ ನೂರು ಗೊತ್ತಿಲ್ಲ, ಅನುಮಾನ ಇದೆ ಅಷ್ಟೇ, ಬೇಕಿದ್ರೆ ಇನ್ನೊಬ್ಬ ಡಾಕ್ಟ್ರಿಗೂ ತೋರ್ಸಿ, ರಿಪೋರ್ಟ್ ಎಲ್ಲಾ ಕೊಡ್ತೀನಿ ಅಂದ್ರು. ಯಾವ ಟೆಸ್ಟ್ ಈಗ್ಲೇ ಬೇಕು, ಯಾವ್ದು ಸ್ವಲ್ಪ ತಡ ಆದ್ರೂ ನಡೆಯುತ್ತೆ ಅಂತಾನೂ ಬಿಡ್ಸಿ ಹೇಳಿದ್ರು. ಆವತ್ತಿಂದ ಮನೇಲಿ ಯಾರೂ ತುಟಿ ಪಿಟಕ್ ಅನ್ಲಿಲ್ಲ. ಪಿಸಿಆರ್ ಪಾಸಿಟಿವ್ ಬಂತು ಅನ್ನೋದು ಆಮೇಲಿನ ಮಾತು.

ಮಾತ್ರೆ 28 ದಿನ. ಶುರು ಮಾಡಿ ಎರಡು ಮೂರು ದಿನಕ್ಕೇ ನಾಯಿ ಎದ್ದು ಕುಣಿಯುತ್ತೆ, ಆಗ್ಲೇ ಜನ ಮಾತ್ರೆ ಬಿಡೋದು, ನೀವು ಬಿಡ್ಬೇಡಿ ಅಂತ ಮೊದ್ಲೇ ಹೇಳಿದ್ರು, ಹೇಳ್ದಂಗೇ ಆಯ್ತು. ಖಾಲಿ ಹೊಟ್ಟೇಲಿ ಕೊಟ್ರೆ ವಾಂತಿ ಆಗ್ಬಹುದು ಅಂತ ಊಟದ ಜೊತೆನೇ ಕೊಡ್ಸಿದ್ರು. ಮತ್ತೆ ಒಂದು ನೋಟ್‌ಬುಕ್ ಇಡೋಕೆ ಹೇಳಿದ್ರು. ವಸಡನ್ನ ಬೆರಳಲ್ಲಿ ಒತ್ತಿ ಬಿಟ್ರೆ 2 ಸೆಕೆಂಡ್ ಒಳಗೆ ಗುಲಾಬಿ ಬಣ್ಣ ವಾಪಸ್ ಬರುತ್ತಾ, ಹೊಟ್ಟೆ ಮೇಲೆ ಕೆಂಪು ಚುಕ್ಕಿ (ಚರ್ಮದ ಕೆಳಗೆ ರಕ್ತ ಸೋರಿದ ಗುರುತು) ಹೊಸದು ಬಂತಾ, ಎಷ್ಟು ತಿಂದ, ಜ್ವರ ಎಷ್ಟು (ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ನಾರ್ಮಲ್ಲೇ, ನಮ್ಮ ಲೆಕ್ಕ ಹಾಕಿ ಗಾಬರಿ ಆಗ್ಬೇಡಿ). ಇಲ್ಲಿ ಟೇಬಲ್ ಮೇಲೆ ಹೆದರಿ ಮರಗಟ್ಟಿ ಕೂರ್ತಾನೆ, ಎದೆ ಬಡಿತಾನೇ ಬೇರೆ ಇರುತ್ತೆ, ಮನೇಲಿ ಹೆಂಗಿದಾನೆ ಅಂತ ನೀವೇ ನನಗೆ ಹೇಳ್ಬೇಕು ಅನ್ನೋರು. ಒಂದ್ಸಲ ಚುಕ್ಕಿ ಜಾಸ್ತಿ ಆಗಿದೆ ಅಂತ ನಾವು ಬರೆದಿದ್ದನ್ನ ನೋಡೇ ಬ್ಲಡ್ ಟೆಸ್ಟ್ ಬೇಗ ಮಾಡ್ಸಿದ್ರು. ನಮ್ಮ ಕೆಟ್ಟ ಕೈಬರಹನ ಅಷ್ಟು ಸೀರಿಯಸ್ಸಾಗಿ ಓದಿದ್ದು ಅವರೊಬ್ರೇ!

ಇನ್ನು ಅಣ್ಣ. ಕಚ್ಚದಂಗೆ ಬಾಯಿಗೆ ಹಾಕೋ ಮಝಲ್ ಹಾಕೋ ಮುಂಚೆ ಪ್ರತಿಸಲ ಅದನ್ನ ನೆಲದ ಮೇಲಿಟ್ಟು ಕರಿಯ ಮೂಸೋವರೆಗೂ ಕಾಯೋರು, ಹೊರಗೆ ಜನ ಕ್ಯೂ ಇದ್ರೂ. ಕಚ್ಚೋ ನಾಯಿ ಅಲ್ಲ ಅಂತ ನಾವೂ ವಾದ ಮಾಡ್ಲಿಲ್ಲ, ನೋವಲ್ಲಿ ಯಾವ ನಾಯಿ ಬೇಕಾದ್ರೂ ಕಚ್ಚುತ್ತೆ, ಸೂಜಿ ಹತ್ರ ಕೈ ಇರೋದು ಅವರದ್ದು.

ಒಂದ್ಸಲ ಬಂದ್ರೆ ಮತ್ತೆ ಬರಲ್ಲ ಅನ್ನೋ ಕಾಯಿಲೆ ಅಲ್ವಂತೆ ಇದು, ಹಾಗಾಗಿ ಉಣ್ಣಿ ಔಷಧಿ ತಪ್ಪಿಸ್ತಿಲ್ಲ ಮೇಡಂ, ಕಿವಿ ಒಳಗೆ, ಬೆರಳ ಸಂದಿ ದಿನಾ ನೋಡ್ತಿದೀವಿ. ಮುಂದಿನ ಚೆಕಪ್‌ಗೆ ನೋಟ್‌ಬುಕ್ ತಗೊಂಡೇ ಬರ್ತೀವಿ.