ಗೊತ್ತಾಗದೇ ಇದ್ದಿದ್ದರೆ ಚೆನ್ನಾಗಿತ್ತು ಅಂದೆಯಲ್ಲ

ಹಾಸನ

ಪ್ರೀತಿಯ ಪುಟ್ಟಿ,

ನಿನ್ನ ಪತ್ರ ಬಂತು. ಮನೆ ಸಾಲ, ಯಜಮಾನರ ಕೆಲಸ, ನಿಮ್ಮತ್ತೆಯ ಮಂಡಿನೋವು, ಅದಕ್ಕೆಲ್ಲ ನಿನ್ನ ದೊಡ್ಡಮ್ಮ ಬೇರೆಯಾಗಿ ಬರೆಯುತ್ತಾಳೆ. ನಾನು ಬರೆಯುತ್ತಿರುವುದು ಮಗುವಿನ ರಕ್ತದಲ್ಲಿ ಸೀಸ ನೋಡುವ ಟೆಸ್ಟಿನ ಬಗ್ಗೆ ಕೊನೆಯಲ್ಲಿ ನೀನು ಗೀಚಿದ ಆ ಒಂದು ಸಾಲಿಗೆ. "ದೊಡ್ಡಪ್ಪ, ಆ ಟೆಸ್ಟ್ ಮಾಡಿಸದೇ ಇದ್ದಿದ್ದರೇ ಚೆನ್ನಾಗಿತ್ತು, ಗೊತ್ತೇ ಆಗುತ್ತಿರಲಿಲ್ಲ." ಎರಡನೇ ಟೆಸ್ಟಿಗೆ ಚೀಟಿ ಕೊಟ್ಟು ಮೂರು ವಾರ ಆಯಿತು, ಇನ್ನೂ ಹೋಗಿಲ್ಲ ಅಂತಲೂ ಬರೆದಿದ್ದೀಯ. ಆ ಸಾಲು ಓದಿದ ಮೇಲೆ ಎರಡು ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಈ ವಿಷಯದಲ್ಲಿ ಬುದ್ಧಿ ಹೇಳೋಕೆ ನನಗೆ ಯೋಗ್ಯತೆ ಇಲ್ಲ. ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಿನ್ನ ಕಾಗದ ಹಿಡಿದುಕೊಂಡು ನಮ್ಮ ಬೀದಿ ಕೊನೆಯ ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದೆ. ಮೂಗಿಗೆ ಕನ್ನಡಕ ಏರಿಸಿ "6.2" ಅಂತ ಓದಿದರು. ಒಂದು ಡೆಸಿಲೀಟರ್ ರಕ್ತದಲ್ಲಿ ಅಷ್ಟು ಮೈಕ್ರೋಗ್ರಾಂ ಸೀಸ. ನಿಮ್ಮ ಅಮೆರಿಕದಲ್ಲಿ ಈಗ 3.5ಕ್ಕೆ ಗೆರೆ ಎಳೆದಿದ್ದಾರಂತೆ, ಅದೂ 2021ರಲ್ಲಿ. ಅದಕ್ಕೆ ಮುಂಚೆ ಗೆರೆ 5ಕ್ಕಿತ್ತು, ಅದಕ್ಕೂ ಮುಂಚೆ 10ಕ್ಕೆ. ಅಂದರೆ ಆ 10ರ ಕಾಲದಲ್ಲಿ ನಿನ್ನ ಮಗುವಿನ ನಂಬರ್ ನೋಡಿ ಯಾರೂ ನಿನಗೆ ಫೋನ್ ಕೂಡ ಮಾಡುತ್ತಿರಲಿಲ್ಲ. "ಹಾಗಂತ 6 ಒಳ್ಳೇದು ಅಂತಲ್ಲ ಸಾರ್, ಸೀಸದಲ್ಲಿ ಇಷ್ಟಿದ್ದರೆ ಪರವಾಗಿಲ್ಲ ಅನ್ನೋದೇ ಇಲ್ಲ" ಅಂತಲೂ ಅಂದರು. ಔಷಧಿ ಕೊಟ್ಟು ಸೀಸ ತೆಗೆಯುವ ಯೋಚನೆ ಬರುವುದು 45ರ ಹತ್ತಿರ ಹೋದಾಗಲಂತೆ. ಅದು ದೂರದ ಮಾತು.

ಇನ್ನೊಂದು ಹೇಳಿದರು, ಅದು ನನ್ನ ಮನಸ್ಸಿಗೆ ನಾಟಿತು. ಬೆರಳು ಚುಚ್ಚಿ ತೆಗೆದ ಹನಿಯನ್ನು ಪೂರ್ತಿ ನಂಬುವ ಹಾಗಿಲ್ಲ. ಮಗುವಿನ ಬೆರಳಿಗೆ ಮೆತ್ತಿದ ಧೂಳಿನಲ್ಲೇ ಸೀಸ ಇದ್ದರೆ ಅದು ಹನಿಯ ಜೊತೆ ಸೇರಿ ನಂಬರ್ ಏರಿಬಿಡುತ್ತದೆ. ಅದಕ್ಕೇ ಎರಡನೇ ಸಲ ನರದಿಂದ ರಕ್ತ ತೆಗೆಯುವುದು. ನೀನು ಹೆದರಿ ಮುಂದೂಡುತ್ತಿರುವ ಟೆಸ್ಟ್ ನಂಬರನ್ನು ಇಳಿಸಿದರೂ ಇಳಿಸಬಹುದು. ಇಳಿಸುತ್ತದೆ ಅಂತ ಮಾತು ಕೊಡಲಾರೆ, ಪುಟ್ಟಿ.

ಬೆರಳು ಅಂದಾಗ ನನ್ನ ಬೆರಳು ನೆನಪಾಯಿತು. ನೀನು ನೋಡಿದ ಹೊತ್ತಿಗೆ ನಮ್ಮ ಪ್ರಿಂಟಿಂಗ್ ಪ್ರೆಸ್ಸಿಗೆ ಕಂಪ್ಯೂಟರ್ ಬಂದಿತ್ತು. ಅದಕ್ಕೆ ಮುಂಚೆ ಇಪ್ಪತ್ತು ವರ್ಷ ನನ್ನ ಹೆಬ್ಬೆರಳು, ತೋರುಬೆರಳು ಬೂದು ಬಣ್ಣಕ್ಕಿದ್ದವು. ಎಡಗೈಯಲ್ಲಿ ಸಾಲು ಕೂರಿಸುವ ಸ್ಟಿಕ್, ಬಲಗೈಯಲ್ಲಿ ಕೇಸಿನಿಂದ ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ ಜೋಡಿಸುವುದು. ಕನ್ನಡಕ್ಕೆ ಒತ್ತಕ್ಷರ ಬೇರೆ, ಕೇಸಿನ ತುಂಬ ಗೂಡು. ಮೊಳೆ ಅಂದರೆ ಸೀಸ. ಗಟ್ಟಿ ಆಗಲಿ ಅಂತ ಒಂದಿಷ್ಟು ಆಂಟಿಮನಿ, ತವರ ಸೇರಿಸಿರುತ್ತಾರೆ, ಉಳಿದದ್ದೆಲ್ಲ ಸೀಸವೇ. ನಾಲ್ಕು ಗಂಟೆಗೆ ಚುರುಮುರಿ ಬರುತ್ತಿತ್ತು. ಕೈ ತೊಳೆಯುವುದಾ? ಪಂಚೆಗೆ ಒರೆಸಿಕೊಂಡು ತಿನ್ನುತ್ತಿದ್ದೆವು. ನಮ್ಮ ಹಿರಿಯ ಕಂಪೋಸಿಟರ್ ದಿನಾ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡು "ಇದು ಎಲ್ಲ ತೊಳೆದುಬಿಡುತ್ತೆ ಕಣಯ್ಯಾ" ಅನ್ನುತ್ತಿದ್ದ.

ನಾನು ತಿಂದದ್ದು ಇರಲಿ. ಸವೆದ ಮೊಳೆಗಳನ್ನು ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದೆ. ಮೋಹನನಿಗೆ ಆಟಕ್ಕೆ. ಅವನಿಗಾಗ ಒಂದೂವರೆ ಎರಡು ವರ್ಷ. ಅವನ ಹೆಸರಿನ 'ಮ'ವನ್ನೇ ಆರಿಸಿ ತಂದುಕೊಟ್ಟಿದ್ದೆ, ದೊಡ್ಡ ಸೈಜಿನದು. ಬಾಯಲ್ಲಿಟ್ಟು ಚೀಪುತ್ತಿದ್ದ. ನಿನ್ನ ಅಜ್ಜಿ ನಗುತ್ತಿದ್ದರು, "ಬಿಡೋ, ಅಕ್ಷರ ನುಂಗ್ತಾ ಇದಾನೆ, ಪಂಡಿತ ಆಗ್ತಾನೆ" ಅಂತ. ನಾನೂ ನಕ್ಕಿದ್ದೆ.

ಆಮೇಲಿನದು ನಿನಗೆ ಗೊತ್ತು. ಗಣಿತಕ್ಕೆ ನಾನು ಅವನಿಗೆ ಹೊಡೆದದ್ದೂ ನೋಡಿದ್ದೀಯ. ನೀನಾಗ ಬಾಗಿಲ ಹಿಂದೆ ನಿಂತಿದ್ದೆ, ನನಗೆ ನೆನಪಿದೆ.

2000ದ ಆಸುಪಾಸು, ಪೆಟ್ರೋಲಿಗೆ ಸೀಸ ಬೆರೆಸುವುದನ್ನು ದೇಶದಲ್ಲೆಲ್ಲ ನಿಲ್ಲಿಸಿದ ಕಾಲ. ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರ ಬಗ್ಗೆ ಪೇಪರಿನಲ್ಲಿ ಓದಿದೆ. ಸೀಸದಿಂದ ಮಕ್ಕಳ ಮಿದುಳಿಗೆ ಆಗುವ ತೊಂದರೆಯ ಬಗ್ಗೆ ಊರೂರು ಸುತ್ತಿ ಹೇಳುತ್ತಿದ್ದ ಮನುಷ್ಯ. ಹಾಳೆ ಕತ್ತರಿಸಿ ಇಟ್ಟುಕೊಂಡೆ. ಮೋಹನನನ್ನು ಕರೆದುಕೊಂಡು ಹೋಗಿ ತೋರಿಸಬಹುದಿತ್ತು, ಬಸ್ಸಿನಲ್ಲಿ ನಾಲ್ಕು ಗಂಟೆ ದಾರಿ ಅಷ್ಟೇ. ಹೋಗಲಿಲ್ಲ. ಹಾಳೆಯನ್ನು ಡ್ರಾಯರಿನ ಅಡಿಗೆ ತಳ್ಳಿದೆ. ಗೊತ್ತಾಗದೇ ಇದ್ದರೆ ಚೆನ್ನಾಗಿರುತ್ತದೆ ಅಂತ ನನಗೂ ಅನಿಸಿತ್ತು. ನೀನು ಬರೆದೆ, ನಾನು ಬರೆಯಲಿಲ್ಲ.

ಇವತ್ತಿಗೂ ಸೀಸದಿಂದಲೇ ಅವನಿಗೆ ಓದು ಹತ್ತಲಿಲ್ಲ ಅಂತ ಹೇಳಲಾರೆ. ಅಲ್ಲ ಅಂತಲೂ ಹೇಳಲಾರೆ. ಈಗ ಅವನ ರಕ್ತ ತೆಗೆದರೂ ಆಗಿನದು ಸಿಗುವುದಿಲ್ಲ. ರಕ್ತದಲ್ಲಿ ಸೀಸ ನಿಲ್ಲುವುದು ಒಂದೆರಡು ತಿಂಗಳ ಮಾತು, ಆಮೇಲೆ ಮೂಳೆಗೆ ಹೋಗಿ ಕೂರುತ್ತದೆ. ಟೆಸ್ಟ್ ಮಾಡಿಸಲು ಒಂದು ಕಾಲ ಇತ್ತು, ದಾಟಿಹೋಯಿತು. ನಿನಗೆ ಇನ್ನೂ ದಾಟಿಲ್ಲ.

"ಹೋದ ಬುದ್ಧಿ ವಾಪಸ್ ಬರಲ್ಲವಂತೆ" ಅಂತ ಕೇಳಿದ್ದೀಯ. ಡಾಕ್ಟರನ್ನು ಅದನ್ನೇ ಕೇಳಿದೆ. ಇಷ್ಟು ಕಮ್ಮಿ ನಂಬರಿಗೆ, ಒಂದು ಮಗುವನ್ನು ತೋರಿಸಿ ಇದಕ್ಕೆ ಇಷ್ಟು ಕಮ್ಮಿಯಾಯಿತು ಅಂತ ಯಾರೂ ಹೇಳಲಾರರಂತೆ. ಸಾವಿರಾರು ಮಕ್ಕಳನ್ನು ಒಟ್ಟಿಗೆ ನೋಡಿದಾಗ ಸ್ವಲ್ಪ ವ್ಯತ್ಯಾಸ ಕಾಣುತ್ತದೆ, ಅಷ್ಟೇ. ಮಗುವಿನ ಜೊತೆ ಮಾತಾಡುವುದು, ಕಥೆ ಓದುವುದು, ತೊಡೆ ಮೇಲೆ ಕೂರಿಸಿಕೊಳ್ಳುವುದು, ಅದೆಲ್ಲ ತುಂಬಾ ಸಹಾಯ ಅಂದರು. ನಾನು ಮೋಹನನಿಗೆ ಕೊಟ್ಟದ್ದು ಬೆತ್ತ.

ನಿಮ್ಮ ಮನೆ 1978ಕ್ಕಿಂತ ಹಿಂದಿನದು ಅಂತ ಬರೆದಿದ್ದೀಯ. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಪೇಂಟ್ ನಿಂತದ್ದು ಆ ವರ್ಷ. ಹೋದ ತಿಂಗಳು ವಿಡಿಯೋ ಕಾಲಿನಲ್ಲಿ ಮಗು ಕಿಟಕಿಯ ಅಂಚು ಹಿಡಿದು ನಿಂತು ಅಳಿಲು ನೋಡುತ್ತಿತ್ತಲ್ಲ, ಆ ಅಂಚಿನಲ್ಲಿ ಬಣ್ಣ ಹಪ್ಪಳದ ಹಾಗೆ ಎದ್ದಿತ್ತು. ಆಗ ನಾನು ಅಳಿಲನ್ನೇ ನೋಡಿದೆ. ಕಿಟಕಿ ಎತ್ತಿ ಇಳಿಸಿದಾಗಲೆಲ್ಲ ಬಣ್ಣ ಉಜ್ಜಿ ಧೂಳು ಉದುರುತ್ತದಂತೆ. ಗುಡಿಸಬೇಡ, ಒದ್ದೆ ಬಟ್ಟೆಯಲ್ಲಿ ಒರೆಸು. ನೀವೇ ಕೆರೆಯೋಕೂ ಹೋಗಬೇಡಿ, ಕೆರೆದರೆ ಇನ್ನೂ ಜಾಸ್ತಿ. ಎರಡನೇ ರಿಪೋರ್ಟ್ ಬಂದ ಮೇಲೆ ಅಲ್ಲಿನ ಆರೋಗ್ಯ ಇಲಾಖೆಯವರು ಮನೆ ನೋಡೋಕೆ ಬರುತ್ತಾರೆ ಅಂತ ನೀನೇ ಬರೆದಿದ್ದೀಯ. ಬರಲಿ ಬಿಡು. ಯಾರು ಏನಂದುಕೊಂಡಾರು ಅಂತ ಯೋಚಿಸಬೇಡ.

ರಾಗಿ ಸರಿ ಕೊಡುತ್ತಿದ್ದೀಯಾ? ಮೈಯಲ್ಲಿ ಕಬ್ಬಿಣ, ಕ್ಯಾಲ್ಸಿಯಂ ಕಮ್ಮಿ ಇದ್ದರೆ ಸೀಸ ಜಾಸ್ತಿ ಹೀರುತ್ತದಂತೆ. ನಮ್ಮ ಮೈ ಹೀರುವುದು ಹತ್ತರಲ್ಲಿ ಒಂದು ಪಾಲು, ಮಗುವಿನ ಮೈ ಅರ್ಧದ ತನಕ. ಅಡುಗೆಗೆ ನಲ್ಲಿಯ ತಣ್ಣೀರೇ ಹಿಡಿ, ಬಿಸಿನೀರು ಬೇಡ. ಕುದಿಸಿದರೆ ಸೀಸ ಹೋಗುವುದಿಲ್ಲ. ಇದೆಲ್ಲ ನಿನಗೆ ಅಲ್ಲಿ ಹೇಳಿಯೇ ಇರುತ್ತಾರೆ, ಸುಮ್ನೆ ಮುದುಕನ ಸಮಾಧಾನಕ್ಕೆ ಬರೆದೆ.

ಕುಂಕುಮದ ವಿಷಯ ಹೇಳೋಕೆ ನಾಚಿಕೆ. ನಿಮ್ಮ ನ್ಯೂಜೆರ್ಸಿಯ ಅಂಗಡಿಗಳಿಂದಲೇ ಸಿಂಧೂರ ತಂದು ಪರೀಕ್ಷೆ ಮಾಡಿ, ಹೆಚ್ಚಿನದರಲ್ಲಿ ಸೀಸ ಇದೆ ಅಂತ 2017ರಲ್ಲಿ ಪ್ರಕಟಿಸಿದ್ದಾರಂತೆ. ನಾನು ಜಾತ್ರೆಯಲ್ಲಿ ಕೊಂಡು ಕಳಿಸಿದ ಆ ಕಡು ಕೆಂಪಿನ ಪೊಟ್ಟಣ ಏನೋ, ದೇವರಿಗೇ ಗೊತ್ತು. ಎಸೆದುಬಿಡು. ಅಂಗಡಿಯ ಕಾಡಿಗೆ, ಸುರ್ಮಾ ಹಚ್ಚಬೇಡ. ಹೆಸರಿಲ್ಲದ ಭಸ್ಮ, ಗುಳಿಗೆ ಯಾರೇ ಕಳಿಸಲಿ, ನಾನೇ ಕಳಿಸಲಿ, ಮಗುವಿನ ಬಾಯಿಗೆ ಬೇಡ.

ನಿನ್ನ ಗೆಳತಿ ಕೂದಲು ಕಳಿಸಿ ಟೆಸ್ಟ್ ಮಾಡಿಸು, ಆಮೇಲೆ 'ಡಿಟಾಕ್ಸ್' ಮಾಡಿಸು ಅಂದಳಂತೆ. ಅದನ್ನು ಓದಿ ಡಾಕ್ಟರು ಕುರ್ಚಿಯಿಂದ ಎದ್ದೇಬಿಟ್ಟರು. ಕೂದಲಲ್ಲಿ ಹೊರಗಿನ ಕೊಳೆಯೂ ಸೇರುತ್ತದೆ, ಅದನ್ನು ನಂಬುವ ಹಾಗಿಲ್ಲ. ಲೋಹ ಎಳೆಯುವ ಔಷಧಿ ಕುಡಿಸಿ ಮೂತ್ರ ಪರೀಕ್ಷೆ ಮಾಡಿದರೆ ಯಾರಿಗಾದರೂ ನಂಬರ್ ಜಾಸ್ತಿಯೇ ಬರುತ್ತದೆ. 2005ರಲ್ಲಿ ನಿಮ್ಮ ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಆಟಿಸಂ ಇದ್ದ 5 ವರ್ಷದ ಹುಡುಗನಿಗೆ ಹೀಗೇ ಲೋಹ ತೆಗೆಯುತ್ತೇವೆ ಅಂತ ನರಕ್ಕೆ ಔಷಧಿ ಕೊಟ್ಟು, ರಕ್ತದ ಕ್ಯಾಲ್ಸಿಯಂ ಕುಸಿದು ಮಗು ತೀರಿಕೊಂಡಿತು. ಅವರ ಅಪ್ಪ ಅಮ್ಮನೂ ಹೆದರಿಯೇ ಹೋಗಿದ್ದಿರಬೇಕು ಅಲ್ವಾ? ನಿನ್ನ ಹೆದರಿಕೆ ಒಂದು ದಿನ ಟೆಸ್ಟೇ ಬೇಡ ಅನ್ನುತ್ತದೆ, ಮಾರನೇ ದಿನ ಕೂದಲು ಕಳಿಸು ಅನ್ನುತ್ತದೆ. ಅದರ ಮಾತು ಕೇಳಬೇಡ.

ಇದನ್ನು ಬರೆಯುತ್ತಾ ಡ್ರಾಯರ್ ತೆಗೆದೆ. ಆ ಪೇಪರ್ ಹಾಳೆ ಇಲ್ಲ, ಗೆದ್ದಲು ತಿಂದಿರಬೇಕು. 'ಮ' ಇದೆ. ಒಂದು ಮೂಲೆ ಸವೆದಿದೆ, ಮಷೀನಿನಿಂದ ಸವೆದದ್ದೋ ಹಲ್ಲಿನಿಂದಲೋ. ಮೋಹನನಿಗೆ ತೋರಿಸಿ ಎಲ್ಲ ಹೇಳೋಣ ಅಂತ ನಿನ್ನೆ ಸಂಜೆ ಅವನ ನರ್ಸರಿ ತನಕ ಹೋಗಿದ್ದೆ. ಗುಲಾಬಿ ಕಸಿ ಕಟ್ಟುತ್ತಿದ್ದ. "ಏನಪ್ಪಾ?" ಅಂದ. "ಏನಿಲ್ಲ, ಸುಮ್ನೆ ಬಂದೆ" ಅಂದುಬಿಟ್ಟೆ.

ಸೋಮವಾರ ಹೋಗು. ಮಗು ಅಳುತ್ತದೆ, ನೀನೂ ಅಳು. ರಿಪೋರ್ಟ್ ಬಂದ ತಕ್ಷಣ ಫೋನ್ ಮಾಡು, ಇಲ್ಲಿ ಮಧ್ಯರಾತ್ರಿ ಆಗಿದ್ದರೂ ಸರಿ. ನಂಬರ್ ಎಷ್ಟೇ ಇರಲಿ.

ನಿನ್ನ,
ದೊಡ್ಡಪ್ಪ

ಮರೆತಿದ್ದೆ: ಬಾಣಂತನಕ್ಕೆ ಕಳಿಸಿದ ಹಿತ್ತಾಳೆ ಒಳಲೆ, ಹಾಲು ಕುಡಿಸೋಕೆ ಅಂತ. ಅದರ ಮೂತಿ ಒಡೆದಿತ್ತು, ಇಲ್ಲೇ ಬೆಸುಗೆ ಹಾಕಿಸಿದ್ದೆ, ಯಾವುದರಿಂದ ಹಾಕಿದನೋ ಕೇಳಲಿಲ್ಲ. ಇನ್ನು ಬಳಸಬೇಡ. ಎಸೆಯಲೂ ಬೇಡ, ಅಜ್ಜಿಯದು. ಮಗುವಿನ ಕೈಗೆ ಸಿಗದ ಹಾಗೆ ಎತ್ತರದಲ್ಲಿಡು.