ಭ ಅಕ್ಷರದ ಸೀಳು: ಮಗಳಿಗೊಂದು ಪತ್ರ

ಶಿರಸಿ
ಬುಧವಾರ ರಾತ್ರಿ

ಪುಟ್ಟಿ,

ನೀನು ಬಿಟ್ಟುಹೋದ ರಬ್ಬರ್ ಅಚ್ಚು ಕೆತ್ತುವ ಹಿಡಿ, ಮೂರು ಅಲಗು, ಅಚ್ಚು ಕೂರಿಸುವ ಅಕ್ರಿಲಿಕ್ ತುಂಡು, ಇಂಕ್ ಪ್ಯಾಡ್ ಎಲ್ಲವನ್ನೂ ನಾಳೆ ಬೆಳಗಿನ ಧಾರವಾಡ ಬಸ್ಸಿಗೆ ಹಾಕುತ್ತೇನೆ. ಜೊತೆಗೆ ಈ ಪತ್ರ. ಭಾನುವಾರ ಮದುವೆ ಪತ್ರಿಕೆಗೆಂದು ಬಂದ ಹುಡುಗಿ ಕಡೆಯವರ ಎದುರು, ನಿನ್ನ ಮಾದರಿಯಲ್ಲಿ ಕಾಗುಣಿತ ತಪ್ಪಿದೆ ಎಂದು ನಾನು ಆಡಿದ ಮಾತನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ.

ಮೇಜಿನ ಮೇಲೆ ಉಳಿದಿದ್ದ ಐದು ಮಾದರಿ ಹಾಳೆಗಳನ್ನು ಸೋಮವಾರ ಕಿಟಕಿ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಭಾನುವಾರವೇ ಮಾಡಬೇಕಿದ್ದ ಕೆಲಸ ಅದು. ಮೊದಲ ಎರಡರಲ್ಲಿ ‘ಶುಭ ವಿವಾಹ’ ಸರಿಯಾಗಿಯೇ ಇದೆ, ಭ ಅಕ್ಷರದ ಹೊಟ್ಟೆಯ ಸೀಳು ಸ್ಪಷ್ಟವಾಗಿ ಕಾಣುತ್ತದೆ. ಮೂರನೆಯದರಲ್ಲಿ ಆ ಗೀಟು ಎಡಕ್ಕೆ ವಾಲಿದೆ. ನಾಲ್ಕರಲ್ಲಿ, ಐದರಲ್ಲಿ ಗೀಟೇ ಇಲ್ಲ. ನಾನು ಎತ್ತಿಕೊಂಡದ್ದು ಐದನೆಯ ಹಾಳೆ. ನೀನು ಕೆತ್ತಿದ್ದು ಭ, ಉದುರಿ ಬ ಆಯಿತು. ಕಾಗುಣಿತದ ಮಾತು ಎತ್ತಿದ್ದು ನನ್ನ ತಪ್ಪು. ನಾಲ್ಕು ಜನರ ಎದುರು ಎತ್ತಿದ್ದು ಇನ್ನೂ ದೊಡ್ಡ ತಪ್ಪು. ಕ್ಷಮಿಸು.

ಆದರೆ ಗೀಟು ಯಾಕೆ ಉದುರಿತು ಅನ್ನುವುದು ನಿನಗೆ ತಿಳಿಯಲೇಬೇಕು. ತಿಳಿಯದಿದ್ದರೆ 250 ಪತ್ರಿಕೆಯ ನಡುವೆ ಮತ್ತೆ ಉದುರುತ್ತದೆ. ಆಗ ಯಾವ ಹಾಳೆಯಿಂದ ತಪ್ಪಾಯಿತು ಎಂದು ಹುಡುಕುವುದರಲ್ಲಿ ಒಂದು ಹಗಲು ಹೋಗುತ್ತದೆ.

ಅಚ್ಚನ್ನು ಓರೆಯಾಗಿ ಹಿಡಿದು ನೋಡು. ಅಕ್ಷರದ ಗೋಡೆ ಒಳಕ್ಕೆ ಹೋಗಿದೆ. ಅಲಗನ್ನು ಗೆರೆಯ ಅಡಿಗೆ ವಾಲಿಸಿ ಓಡಿಸಿದ್ದೀಯ, ಮೇಲೆ ಒಂದು ಮಿಲಿಮೀಟರ್ ಇದ್ದ ಗೀಟು ಬುಡದಲ್ಲಿ ಅರ್ಧವೂ ಉಳಿದಿಲ್ಲ. ಒತ್ತಿದಾಗಲೆಲ್ಲ ಅದು ಮಡಚುತ್ತದೆ, ಎರಡು ಮೂರು ಸಲ ಮಡಚಿದ ಮೇಲೆ ಹರಿಯುತ್ತದೆ. ಗೋಡೆ ಯಾವತ್ತೂ ಹೊರಕ್ಕೆ ಇಳಿಜಾರಾಗಿರಬೇಕು, ಕೆರೆಯ ಏರಿಯ ಹಾಗೆ, ಮೇಲೆ ಸಣ್ಣ, ಬುಡ ಅಗಲ. ಅಲಗಿನ ಬೆನ್ನನ್ನು ಅಕ್ಷರದ ಕಡೆಗೆ ವಾಲಿಸಿ ಹಿಡಿದರೆ ಇಳಿಜಾರು ತಾನಾಗಿ ಬರುತ್ತದೆ.

ಎರಡನೆಯದು ಕ್ರಮ. ನೀನು ಮೊದಲು ಹೊರಗಿನ ರಬ್ಬರ್ ಎಲ್ಲ ತೆಗೆದು ಆಮೇಲೆ ಸೀಳಿಗೆ ಕೈ ಹಾಕಿದ್ದೀಯ. ತಿರುಗುಮುರುಗು ಮಾಡು. ಸುತ್ತಲೂ ರಬ್ಬರ್ ತುಂಬಿರುವಾಗಲೇ ಒಳಗಿನ ಸಣ್ಣ ಜಾಗಗಳನ್ನು ತೆಗೆಯಬೇಕು, ಆಗ ಗೀಟಿಗೆ ಆಸರೆ ಇರುತ್ತದೆ. ಮೊದಲು ಭ ಅಕ್ಷರದ ಸೀಳಿನ ಎರಡು ಪಕ್ಕ, ಆಮೇಲೆ ಶು, ವಿ, ಹ ಅಕ್ಷರಗಳ ಒಳಗಿನ ಖಾಲಿ ಜಾಗ, ಆಮೇಲೆ ಅಕ್ಷರದ ಹೊರಗೆರೆ, ಕೊನೆಗೆ ಬಯಲು. ಸಣ್ಣ ಜಾಗಕ್ಕೆ ಇಂಗ್ಲಿಷಿನ ವಿ (V) ಆಕಾರದ ಅತಿ ಸಣ್ಣ ಅಲಗು, ಆಳ ಒಂದೂವರೆ ಮಿಲಿಮೀಟರ್ ಸಾಕು. ಬಯಲಿಗೆ ಯು (U) ಆಕಾರದ ಅಗಲ ಅಲಗು, ಆಳ ಮೂರು. ಬಯಲನ್ನು ಆಳ ಮಾಡದಿದ್ದರೆ ಉಳಿದ ಏಣುಗಳಿಗೆ ಇಂಕ್ ಹತ್ತಿ ಪತ್ರಿಕೆಯ ಮೇಲೆ ಗೀರು ಗೀರು ಬೀಳುತ್ತದೆ. ದುಂಡು ಸೊನ್ನೆಯ ಒಳಗನ್ನು ಅಲಗಿನಿಂದ ತೆಗೆಯಬೇಡ. ಮೆಕ್ಯಾನಿಕಲ್ ಪೆನ್ಸಿಲ್ಲಿನ ಲೋಹದ ಮೂತಿಯನ್ನು ನೇರ ಒತ್ತಿ ತಿರುಗಿಸು, ಸ್ವಚ್ಛ ತೂತು ಬೀಳುತ್ತದೆ.

ಮೂರನೆಯದು ಅಳತೆ. ಅಕ್ಷರ 12 ಮಿಲಿಮೀಟರ್ ಎತ್ತರ ಇಟ್ಟಿದ್ದೀಯ. ಇಂಗ್ಲಿಷಿನ ದಪ್ಪಕ್ಷರಕ್ಕೆ ಅದು ಸಾಕಾದೀತು. ಕನ್ನಡಕ್ಕೆ ಮೇಲೆ ತಲೆಕಟ್ಟು, ಪಕ್ಕಕ್ಕೆ ಕೊಂಬು, ಕೆಳಗೆ ಒತ್ತು, ಹೊಟ್ಟೆಯಲ್ಲಿ ಸೀಳು. 18ಕ್ಕೆ ಏರಿಸು. ಆಗ ಭ ಅಕ್ಷರದ ಗೀಟಿಗೂ ಅದರ ಪಕ್ಕದ ಸಂದಿಗೂ ಒಂದೊಂದು ಮಿಲಿಮೀಟರ್ ಸಿಗುತ್ತದೆ. ಅದಕ್ಕಿಂತ ತೆಳುವಾದರೆ ಗೀಟು ಹರಿಯುತ್ತದೆ, ಸಂದಿ ಅದಕ್ಕಿಂತ ಕಿರಿದಾದರೆ ಇಂಕ್ ತುಂಬಿಕೊಳ್ಳುತ್ತದೆ. ಎರಡರಲ್ಲಿ ಯಾವುದಾದರೂ ಶುಭ ಹೋಗಿ ಶುಬ ಆಗುತ್ತದೆ, ‘ವಧು’ ಹೋಗಿ ‘ವದು’ ಆಗುತ್ತದೆ. ಮದುವೆ ಮನೆಯ ಹಿರಿಯರು ಪತ್ರಿಕೆಯಲ್ಲಿ ಮೊದಲು ನೋಡುವುದು ಇದನ್ನೇ. ಚಿತ್ರ ಎಷ್ಟೇ ಚೆನ್ನಾಗಿರಲಿ, ಆ ಸೀಳು ಇಲ್ಲದಿದ್ದರೆ ಪತ್ರಿಕೆ ಕೈಯಿಂದ ಕೈಗೆ ಹೋಗುವುದೇ ಅದನ್ನು ತೋರಿಸಲಿಕ್ಕೆ.

ಮುರಿದ ಗೀಟನ್ನು ಗೋಂದಿನಿಂದ ಅಂಟಿಸುವ ಆಸೆ ಬೇಡ. ಗೋಂದು ಗಟ್ಟಿಯಾಗಿ ಆ ಜಾಗ ಇಂಕನ್ನೇ ಹಿಡಿಯುವುದಿಲ್ಲ. ಇಡೀ ತಲೆಬರಹವನ್ನು ಹೊಸದಾಗಿ ಕೆತ್ತು.

ಅಕ್ಷರ ಇಳಿಸುವಾಗ 2ಬಿ ಪೆನ್ಸಿಲ್ಲಿನಿಂದ ಟ್ರೇಸಿಂಗ್ ಪೇಪರಿನ ಮೇಲೆ ನೇರವಾಗಿ ಬರೆ, ಮಗುಚಿ ರಬ್ಬರಿನ ಮೇಲಿಟ್ಟು ಚಮಚದ ಬೆನ್ನಿನಿಂದ ತಿಕ್ಕು. ತಿರುಗುವುದು ಅಲ್ಲೇ ಆಗಿಹೋಗುತ್ತದೆ. ಫೋನಿನಲ್ಲಿ ಒಮ್ಮೆ ತಿರುಗಿಸಿ, ಮತ್ತೆ ಮಗುಚಿದರೆ ಅಚ್ಚಿನಲ್ಲಿ ನೇರ ಬರುತ್ತದೆ, ಪತ್ರಿಕೆಯಲ್ಲಿ ಉಲ್ಟಾ ಬೀಳುತ್ತದೆ. ಕೆತ್ತುವ ಮೊದಲು ಕನ್ನಡಿ ಹಿಡಿದು ಓದು, ಗಟ್ಟಿಯಾಗಿ ಓದು. ಉಲ್ಟಾ ಅಕ್ಷರದಲ್ಲಿ ಎಂಥ ಕಣ್ಣೂ ಸೋಲುತ್ತದೆ.

ಎಡಗೈ ಅಲಗಿನ ಮುಂದೆ ಬರಬಾರದು. ತಿರುವಿನಲ್ಲಿ ರಬ್ಬರನ್ನು ತಿರುಗಿಸು, ಅಲಗನ್ನಲ್ಲ. ಸಾವಿರ ಸಲ ಹೇಳಿದ್ದೇನೆ, ಆದರೂ ಭಾನುವಾರ ನಿನ್ನ ತೋರುಬೆರಳಿಗೆ ಪಟ್ಟಿ ಇತ್ತು. ಅದನ್ನು ಕೇಳುವ ಬದಲು ಭ ಅಕ್ಷರದ ಬಗ್ಗೆ ಮಾತಾಡಿದೆ. ಈಗ ಹೇಗಿದೆ?

ಕಾಗದದ ಆಯ್ಕೆ ಒಳ್ಳೆಯದು, ಅದನ್ನು ಅಲ್ಲಿಯೇ ಹೇಳಬೇಕಿತ್ತು. ಬಟ್ಟೆಯ ಚೂರಿನಿಂದ ಕೈಯಲ್ಲೇ ಮಾಡುವಂಥ ಹತ್ತಿ ಕಾಗದ ಇಂಕನ್ನು ಹೇಗೆ ಕುಡಿಯುತ್ತದೆ ಎಂದು ಯಂತ್ರದ ಕಾಗದದಲ್ಲೇ ಪಳಗಿದವರಿಗೆ ಗೊತ್ತಾಗುವುದಿಲ್ಲ. ನೀನು ಕೈಯಲ್ಲಿ ಮುಟ್ಟಿ ಕಂಡುಕೊಂಡೆ. ಎರಡು ಎಚ್ಚರಿಕೆ ಮಾತ್ರ. ಅಂಚು ನೇರ ಇಲ್ಲದ ಕಾಗದವನ್ನು ಅಂಚು ನೋಡಿ ಕೂರಿಸಬೇಡ, ತಲೆಬರಹ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಕಡೆ ಬೀಳುತ್ತದೆ. ಮಡಿಕೆಯ ಗೆರೆಯನ್ನೇ ಆಧಾರ ಮಾಡಿಕೊ, ರಟ್ಟಿನಲ್ಲಿ ಮೂಲೆಮಟ್ಟದಂಥ ಚೌಕಟ್ಟು ಕತ್ತರಿಸಿ ಅದಕ್ಕೆ ಅಕ್ರಿಲಿಕ್ ತುಂಡನ್ನು ತಾಗಿಸಿ ಒತ್ತು. ಇನ್ನೊಂದು ತೂಕ. 210 ಜಿಎಸ್‌ಎಂ (ಚದರ ಮೀಟರಿಗೆ 210 ಗ್ರಾಂ) ಎ4 ಹಾಳೆ ಮಡಚಿದರೆ ಪತ್ರಿಕೆಯೇ 13 ಗ್ರಾಂ, ಅದೇ ಕಾಗದದ ಲಕೋಟೆ ಸೇರಿದರೆ 20 ದಾಟುತ್ತದೆ, ಅಂಚೆಯ ಮೊದಲ ದರ 20ಕ್ಕೇ ಮುಗಿಯುತ್ತದೆ. ಲಕೋಟೆಗೆ ತೆಳು ಕಾಗದ ತಗೋ.

ದಿನಾಂಕ, ಮುಹೂರ್ತ, ಕಲ್ಯಾಣಮಂಟಪದ ವಿಳಾಸ ಇವನ್ನೆಲ್ಲ ಕೆತ್ತುತ್ತೇನೆ ಎಂದು ಒಪ್ಪಿಕೊಂಡಿದ್ದರೆ ಇವತ್ತೇ ಅವರಿಗೆ ಹೇಳಿಬಿಡು. ಅದು ಸ್ಕ್ರೀನ್ ಪ್ರಿಂಟಿಂಗ್‌ನವರ ಕೆಲಸ. ಮೊದಲು ಬರಹ ಮುದ್ರಣ ಆಗಲಿ, ಒಣಗಲಿ, ಆಮೇಲೆ ನಿನ್ನ ಅಚ್ಚು. ತಲೆಬರಹ, ಮಾವಿನೆಲೆಯ ತೋರಣ, ಲಕೋಟೆಯ ಕಲಶ, ಈ ಮೂರೇ ನಿನ್ನ ಕೈಯವು. ಅಷ್ಟೇ ಬೇಕಾದಷ್ಟಾಯಿತು. 250ಕ್ಕೆ ಹಾಳಾಗುವುದು 25 ಸೇರಿಸು, 275. ಮೂರು ಒತ್ತಿನಂತೆ 825. ಇಂಕ್ ಹಚ್ಚಿ, ಕೂರಿಸಿ, ಒತ್ತಿ, ಒಣಗಲು ಇಡಲು ಒಂದಕ್ಕೆ 40 ಸೆಕೆಂಡ್ ಹಿಡಿದರೂ 9 ಗಂಟೆ ಮೀರುತ್ತದೆ. ಒಂದೇ ದಿನ ಕೂತು ಮುಗಿಸುತ್ತೇನೆ ಅನ್ನಬೇಡ. ಎರಡು ಗಂಟೆ ದಾಟಿದರೆ ಕೈ ಭಾರವಾಗಿ ಒತ್ತಡ ಏರುಪೇರಾಗುತ್ತದೆ, ಮೊದಲು ಪೆಟ್ಟು ಬೀಳುವುದು ಆ ಗೀಟಿಗೇ. ಪ್ರತಿ 15 ಒತ್ತಿಗೊಮ್ಮೆ ಒದ್ದೆ ಬಟ್ಟೆಯಿಂದ ಅಚ್ಚು ಒರೆಸು. ಹತ್ತಿ ಕಾಗದದ ನವಿರು ಎಳೆ ಎಲ್ಲಕ್ಕಿಂತ ಮೊದಲು ಕೂರುವುದು ಭ ಅಕ್ಷರದ ಸಂದಿಯಲ್ಲಿ. ಥಿನ್ನರ್, ಉಗುರುಬಣ್ಣ ತೆಗೆಯುವ ದ್ರವ ಮುಟ್ಟಿಸಬೇಡ, ಮೆತ್ತನೆಯ ರಬ್ಬರ್ ಕರಗುತ್ತದೆ.

ಕಲಶದ ಹೊಟ್ಟೆ ಚುಕ್ಕೆ ಚುಕ್ಕೆಯಾಗಿ ಬೀಳುತ್ತಿದೆ ಎಂದು ಅಮ್ಮನ ಹತ್ತಿರ ಹೇಳಿದೆಯಂತೆ. ದೊಡ್ಡ ಬಯಲಿನಡಿ ಗಾಳಿ ಸಿಕ್ಕಿಕೊಂಡರೆ ಹಾಗಾಗುತ್ತದೆ. ಬಟ್ಟೆಗೆ ಒತ್ತುವ ಸಾಗವಾನಿ ಅಚ್ಚುಗಳಿಗೆ ಗುಜರಾತಿನ ಪೇಥಾಪುರದವರು ಗಾಳಿ ಹೋಗಲೆಂದೇ ಸಣ್ಣ ತೂತು ಬಿಡುತ್ತಾರೆ. ನೀನು ಕಲಶದ ಮೇಲೆ ನಾಲ್ಕು ಪಟ್ಟೆ ಕೆತ್ತಿ ಬಯಲನ್ನು ಒಡೆದುಬಿಡು. ಕಾಗದದ ಕೆಳಗೆ ಎರಡು ಪದರ ಫೆಲ್ಟ್, ಅಂದರೆ ಮೆತ್ತನೆಯ ದಪ್ಪ ಬಟ್ಟೆ, ಹಾಸು.

ಇಂಕಿನ ವಿಷಯ ಮರೆತರೆ ಕೆಲಸವೆಲ್ಲ ನೀರಿನಲ್ಲಿ ಹೋಮ. ನಿನ್ನ ಕೆಂಪು ಪ್ಯಾಡ್ ಡೈ ಇಂಕಿನದು, ಅಂದರೆ ಬಣ್ಣ ನೀರಿನಲ್ಲಿ ಕರಗುವಂಥದು. ನಮ್ಮ ಕಡೆ ಪತ್ರಿಕೆಯನ್ನು ಕೊಡುವ ಮೊದಲು ನಾಲ್ಕೂ ಮೂಲೆಗೆ ಒದ್ದೆ ಅರಿಶಿನ ಕುಂಕುಮ ಹಚ್ಚುತ್ತಾರಲ್ಲ, ಆ ನೀರು ತಾಗಿದ ಕೂಡಲೇ ಡೈ ಇಂಕ್ ಹರಡುತ್ತದೆ. ನಿನ್ನ ತೋರಣ ಸರಿಯಾಗಿ ಮೂಲೆಯಲ್ಲೇ ಇದೆ. ಕರಗದ ಬಣ್ಣದ ಪುಡಿ ಬೆರೆಸಿದ ಪಿಗ್ಮೆಂಟ್ ಇಂಕ್ ತಗೋ. ಒಂದು ಮಾದರಿ ಒತ್ತಿ, 24 ಗಂಟೆ ಬಿಟ್ಟು, ಮೂಲೆಗೆ ಒದ್ದೆ ಅರಿಶಿನ ಹಚ್ಚಿ ಬೆರಳಿನಿಂದ ತಿಕ್ಕಿ ನೋಡು. ಪಿಗ್ಮೆಂಟ್ ನಿಧಾನಕ್ಕೆ ಒಣಗುತ್ತದೆ, ಒಂದರ ಮೇಲೊಂದು ಪೇರಿಸಬೇಡ, ಹಗ್ಗ ಕಟ್ಟಿ ಕ್ಲಿಪ್ಪಿನಲ್ಲಿ ತೂಗುಹಾಕು. ಧಾರವಾಡದ ಗಾಳಿ ಈಗ ನಮ್ಮಲ್ಲಿಗಿಂತ ಒಣ, ಅದೊಂದು ಅನುಕೂಲ. ತುಳಸಿ ಹಬ್ಬ ಕಳೆದ ಮೇಲಿನ ಮದುವೆ, ಪತ್ರಿಕೆ ದೀಪಾವಳಿಗೆ ಮೊದಲೇ ಅವರ ಕೈ ಸೇರಬೇಕು. ಲೆಕ್ಕ ಹಾಕಿದೆ, 18 ದಿನ ಇದೆ. ಆಗುತ್ತದೆ.

ಆಗುವುದಿಲ್ಲ, ಆಫ್‌ಸೆಟ್ ಯಂತ್ರದಲ್ಲಿ ಮಾಡಿಸಿ ಎಂದು ನಾನು ಅವರಿಗೇ ಹೇಳಿಬಿಟ್ಟೆನಲ್ಲ, ಆ ಮಾತು ನನ್ನನ್ನು ಮಲಗಲು ಬಿಡುತ್ತಿಲ್ಲ. ಇವತ್ತು ಮಧ್ಯಾಹ್ನ ಅವರ ಮನೆಗೆ ಹೋಗಿ ಮೊದಲ ಎರಡು ಹಾಳೆ ತೋರಿಸಿ ಬಂದೆ. ಅಕ್ಷರ ಸರಿಯಾಗಿಯೇ ಇತ್ತು, ನೋಡಿದ್ದು ನಾನು ತಪ್ಪು ಎಂದೆ. ಹುಡುಗಿಯ ಅಜ್ಜಿ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ಭ ಅಕ್ಷರದ ಮೇಲೆ ಬೆರಳಾಡಿಸಿದರು. ಕಾಗದದಲ್ಲಿ ಅಚ್ಚು ಒಳಗಿಳಿದದ್ದು ಬೆರಳಿಗೆ ಗೊತ್ತಾಗುತ್ತದೆ ಎಂದರು. ಒಂದು ಹಾಳೆಯನ್ನು ಅವರೇ ಇಟ್ಟುಕೊಂಡರು. ಆರ್ಡರ್ ನಿನ್ನದೇ.

ನಿನ್ನೆ ರಾತ್ರಿ ನಾನೊಂದು ‘ಶುಭ ವಿವಾಹ’ ಕೆತ್ತಿದೆ. ಪಾರ್ಸಲ್ಲಿಗೆ ಹಾಕಿ, ಮತ್ತೆ ಹೊರಗೆ ತೆಗೆದೆ. ಅದರ ಬದಲು 10 ಸೆಂಟಿಮೀಟರ್‌ಗೆ 15ರ ಖಾಲಿ ರಬ್ಬರ್ ಎರಡು ತುಂಡು ಇಟ್ಟಿದ್ದೇನೆ. ಎರಡನ್ನೂ ಕಾಗದದಲ್ಲಿ ಸುತ್ತಿದೆ, ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡ, ಅಂಟಿಕೊಳ್ಳುತ್ತದೆ. ಸಣ್ಣ ವಿ ಅಲಗು ಹೊಸದು, ತುದಿಗೆ ಬೆಂಡು ಚುಚ್ಚಿದೆ. ಪೆಟ್ಟಿಗೆ ಬಿಚ್ಚುವಾಗ ನೋಡಿಕೊ. ಬಸ್ಸು ಹನ್ನೊಂದೂವರೆಗೆ ಅಲ್ಲಿರುತ್ತದೆ.

ನಿನ್ನ
ಅಪ್ಪ